ನೂರಕ್ಕೆ ಮೂವತ್ತು ಚಾರ್ಜು

ನಮ್ಮ ಕಡೆಯ ಜನಕ್ಕೆ ಯಾವುದನ್ನೂ ಖಾಲಿ ಕಳಿಸಲು ಮನಸ್ಸು ಬರುವುದಿಲ್ಲ. ಪಕ್ಕದ ಮನೆಯವರು ಪಲ್ಯ ಕೊಟ್ಟ ಬಟ್ಟಲನ್ನು ಬರೀ ತೊಳೆದು ಹಿಂದಿರುಗಿಸಿದರೆ ಅದೊಂದು ಅಪರಾಧ. ಒಂದು ಚಮಚ ಸಕ್ಕರೆಯೋ ಒಂದು ಹಿಡಿ ಶೇಂಗಾವೋ ಅದರೊಳಗೆ ಬೀಳಲೇಬೇಕು. ಬೀದರಿನ ಒಂದು ಕೊರಿಯರ್ ಕಚೇರಿಯ ಬುಕಿಂಗ್ ಕೌಂಟರಿನಲ್ಲಿ ಹನ್ನೊಂದು ವರ್ಷದಿಂದ ಕೂತಿರುವ ನಾನು ಈ ಪದ್ಧತಿಗೆ ಹಾಕಿದಷ್ಟು ಹಿಡಿಶಾಪ ಬೇರೆ ಯಾವುದಕ್ಕೂ ಹಾಕಿಲ್ಲ. ಯಾಕೆಂದರೆ ಜನ ಪವರ್ ಬ್ಯಾಂಕನ್ನೂ ಹಾಗೆಯೇ ತರುತ್ತಿದ್ದರು. ದೂರದ ಊರಿನ ಮಗಳಿಗೋ ಅಳಿಯನಿಗೋ ಕಳಿಸುವ ಮೊದಲು ಅದನ್ನು ಇಡೀ ದಿನ ಚಾರ್ಜಿಗೆ ಹಚ್ಚಿ, ನಾಲ್ಕೂ ದೀಪ ಹತ್ತಿದ್ದನ್ನು ನನಗೆ ತೋರಿಸಿ ಹೆಮ್ಮೆಪಡುತ್ತಿದ್ದರು.

ನಮ್ಮಲ್ಲಿಗೆ ಬಂದ ತುರ್ತು ಪಾರ್ಸೆಲ್ಲುಗಳು ಸಂಜೆಯ ಗಾಡಿಯಲ್ಲಿ ಹೈದರಾಬಾದಿಗೆ ಹೋಗಿ ಅಲ್ಲಿಂದ ವಿಮಾನ ಹತ್ತುತ್ತವೆ. ಲಿಥಿಯಂ ಬ್ಯಾಟರಿಗೆ ಅಲ್ಲಿ ಕಟ್ಟಳೆಗಳಿವೆ. ಬರೀ ಬ್ಯಾಟರಿಯಾದರೆ ಜನ ಕೂರುವ ವಿಮಾನದಲ್ಲಿ ಹೋಗುವಂತಿಲ್ಲ, ಸರಕಿನ ವಿಮಾನವೇ ಆಗಬೇಕು. ಅದರ ಚಾರ್ಜು ನೂರಕ್ಕೆ ಮೂವತ್ತನ್ನು ಮೀರಬಾರದು. ತುದಿಗಳು ಯಾವ ಲೋಹಕ್ಕೂ ತಾಗದಂತೆ ಮುಚ್ಚಿ, ಗಟ್ಟಿ ಪೆಟ್ಟಿಗೆಯಲ್ಲಿ ಅಲುಗಾಡದಂತೆ ಕೂರಿಸಿ, ಮೇಲೆ ಬೆಂಕಿಯ ಚಿತ್ರವಿರುವ ಚೀಟಿ ಅಂಟಿಸಬೇಕು. ಒಳಗೆ ಏನಿದೆ ಎಂಬುದನ್ನು ಸುಳ್ಳು ಬರೆಯಬಾರದು. ಉಬ್ಬಿದ, ಒಡೆದ, ಸುಟ್ಟ ವಾಸನೆ ಬರುವ ಬ್ಯಾಟರಿ ಯಾವ ವಿಮಾನಕ್ಕೂ ಬೇಡ. ಇಷ್ಟನ್ನು ಕೆಂಪು ಮಸಿಯಲ್ಲಿ ದಪ್ಪಗೆ ಬರೆದು ಗೋಡೆಗೆ ಅಂಟಿಸಿದ್ದೆ. ಜನ ಅದರ ಕೆಳಗೇ ನಿಂತು, ಅದಕ್ಕೇ ಒರಗಿಕೊಂಡು, ನನ್ನೊಡನೆ ವಾದ ಮಾಡುತ್ತಿದ್ದರು.

ಮನ್ನಳ್ಳಿಯ ಒಬ್ಬ ಮುದುಕಿಯ ಮಾತು ಇನ್ನೂ ನೆನಪಿದೆ. “ಅಲ್ರೀ, ಚಾರ್ಜ್ ಇಳಿಸಿ ತಾ ಅಂದ್ರ ಹ್ಯಾಂಗ್ರಿ? ಹೆಣ್ಮಗಳ ಮನಿಗಿ ಹೋಗೋ ಮಾಲ ಅದ. ಖಾಲಿ ಕಳಸಿದ್ರ ನೋಡ್ದೋರು ಏನಂತಾರ?”

“ವಿಮಾನದಾಗ ಅದು ಹತ್ಕೊಂಡ್ರ ನಿಮ್ಮ ಹೆಣ್ಮಗಳಿಗಿ ಬೂದಿ ಮುಟ್ತದ್ರಿ ಅಮ್ಮ. ಅದಾದ್ರೂ ತುಂಬಿಸಿ ಕಳಸ್ಬೇಕೇನು?” ಎಂದಿದ್ದೆ. ಆಕೆ ಮುಖ ಸಣ್ಣದು ಮಾಡಿಕೊಂಡು ಹೋದಳು. ನನ್ನ ನಾಲಗೆ ಅಷ್ಟು ಕೆಟ್ಟದ್ದು ಎಂಬುದು ನನಗೆ ಗೊತ್ತಿತ್ತು, ಅದರ ಬಗ್ಗೆ ಒಳಗೊಳಗೇ ಒಂದು ಜಂಬವೂ ಇತ್ತು.

ಮೊದಲು ನಾನು ಇಷ್ಟು ಬಿಗಿ ಇರಲಿಲ್ಲ. ನಮ್ಮ ಕಚೇರಿಯಲ್ಲಿ ಪಾರ್ಸೆಲ್ ಕಟ್ಟುವ ಕೆಲಸ ಒಬ್ಬ ಚಾಚಾನದು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಬೀದರಿನ ಓಲ್ಡ್ ಸಿಟಿಯವರು. ಗಾಜಿನ ಬಳೆಯನ್ನೂ ಒಂದೂ ಒಡೆಯದಂತೆ ಕಟ್ಟಿ ಕಳಿಸುವ ಕೈ ಅವರದು. ಒಂದು ದೀಪಾವಳಿಯ ಹೊತ್ತಿಗೆ ಕಮಠಾಣದ ಕಡೆಯ ಒಬ್ಬರು ಚಕ್ಕುಲಿ, ಶಂಕರಪಾಳೆ ಎಂದು ಬರೆಸಿ ಒಂದು ಪೆಟ್ಟಿಗೆ ಕೊಟ್ಟು ಹೋದರು. ಚಕ್ಕುಲಿಯ ಕೆಳಗೆ ಒಂದು ಪವರ್ ಬ್ಯಾಂಕ್ ಇತ್ತು, ತುಂಬಿಸಿದ್ದು. ನಾನು ಬಿಚ್ಚಿ ನೋಡಲಿಲ್ಲ, ಹಬ್ಬದ ಗದ್ದಲ. ಅದರ ಮೇಲೆ ಬೇರೆ ಪೆಟ್ಟಿಗೆಗಳು ಬಿದ್ದು ಅದು ಜಜ್ಜಿಹೋಯಿತು. ಮೊದಲು ಸಿಳ್ಳೆ ಹಾಕಿದಂಥ ಸದ್ದು, ಆಮೇಲೆ ಹೊಗೆ, ಆಮೇಲೆ ಎಲ್ಲಿತ್ತೋ ಏನೋ ಎನ್ನುವಂಥ ಬೆಂಕಿ. ಜನರ ಸಾಮಾನು ಸುಟ್ಟೀತೆಂದು ಚಾಚಾ ಕೈ ಹಾಕಿ ಆ ಪೆಟ್ಟಿಗೆಯನ್ನು ಅಂಗಳಕ್ಕೆ ಎಳೆದರು. ಅವರ ಬಲಗೈಯ ಎರಡು ಬೆರಳು ಅಂದು ಮಡಚಿಕೊಂಡದ್ದು ಮತ್ತೆ ಬಿಚ್ಚಲೇ ಇಲ್ಲ.

ತುಂಬಿದ ಬ್ಯಾಟರಿ ಹತ್ತಿಕೊಂಡರೆ ತನ್ನಲ್ಲಿರುವ ಕಸುವನ್ನೆಲ್ಲ ಒಮ್ಮೆಲೇ ಕಕ್ಕುತ್ತದೆ, ಕಡಿಮೆ ಇದ್ದದ್ದಕ್ಕೆ ಅಷ್ಟು ಆವೇಶವಿರುವುದಿಲ್ಲ. ಮೂವತ್ತರ ಕಟ್ಟಳೆಯ ಅರ್ಥ ಅಷ್ಟೇ. ಅದು ನನಗೆ ತಲೆಗೆ ಹೋದದ್ದು ಚಾಚಾನ ಬೆರಳಿನಿಂದ. ಆಮೇಲೆ ನಾನು ಯಾರನ್ನೂ ನಂಬಲಿಲ್ಲ. ಉಂಡಿ ಡಬ್ಬಿಗಳನ್ನೂ ಬಿಚ್ಚಿಸಿದೆ, ಸೀರೆಯ ಮಡಿಕೆಗಳನ್ನೂ ಬಿಡಿಸಿದೆ.

ಈಗ ಅಕ್ಕನ ವಿಷಯ. ನನಗಿದ್ದವಳು ಒಬ್ಬಳೇ ಅಕ್ಕ. ನಾವು ಹುಟ್ಟಿ ಬೆಳೆದದ್ದು ಭಾಲ್ಕಿಯಲ್ಲಿ. ಅವ್ವ ಅಲ್ಲಿನ ಬೇಳೆ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದಳು, ಅಕ್ಕ ಹದಿನಾಲ್ಕಕ್ಕೇ ಅವಳ ಹಿಂದೆ ಹೋದಳು. ನಾನು ಸಾಲಿ ಕಲಿತದ್ದು ಆ ಬೇಳೆಯ ದೂಳಿನ ದುಡ್ಡಿನಿಂದ. ಮುಂದೆ ಅವಳನ್ನು ಔರಾದ ತಾಲ್ಲೂಕಿನ ಚಿಂತಾಕಿಗೆ ಕೊಟ್ಟರು. ಅಕ್ಕನ ಗಂಡನನ್ನು ನಾವು ಮಾಮಾ ಎನ್ನುತ್ತೇವೆ. ಮಾಮಾನದು ಅಲ್ಲಿ ಹಿಟ್ಟಿನ ಗಿರಣಿ. ಬೇಳೆಯ ದೂಳು ಬಿಟ್ಟು ಜೋಳದ ದೂಳಿಗೆ ಹೋದಳು, ಅಷ್ಟೇ. ನಲವತ್ತೈದು ದಾಟುವುದರೊಳಗೆ ಅವಳ ಪುಪ್ಪುಸ ಗಟ್ಟಿಯಾಗಿ, ಹತ್ತು ಹೆಜ್ಜೆ ನಡೆದರೆ ತುಟಿ ನೀಲಿಯಾಗತೊಡಗಿತು.

ಡಾಕ್ಟರು ಹೇಳಿದಂತೆ ಒಂದು ಆಕ್ಸಿಜನ್ ಯಂತ್ರ ತಂದೆವು. ಹೆಗಲಿಗೆ ಹಾಕಿಕೊಳ್ಳುವ ಚೀಲದಷ್ಟು ದೊಡ್ಡದು. ಗಾಳಿಯಿಂದಲೇ ಆಕ್ಸಿಜನ್ ಎಳೆದು ಮೂಗಿನ ನಳಿಗೆ ಕೊಡುತ್ತಿತ್ತು. ಕರೆಂಟು ಇದ್ದಾಗ ಕರೆಂಟಿನ ಮೇಲೆ, ಹೋದಾಗ ಬ್ಯಾಟರಿಯ ಮೇಲೆ. ತುಂಬಿದ ಬ್ಯಾಟರಿಯಾದರೆ ಎರಡು ತಾಸಿಗೂ ಮೇಲೆ ನಡೆಯುತ್ತಿತ್ತು. ಹಳ್ಳಿಯ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಯಾರೂ ಹೇಳಲಾರರು. ಹಾಗಾಗಿ ಅಕ್ಕನ ಜೀವ ಇದ್ದದ್ದು ಆ ಬ್ಯಾಟರಿಯಲ್ಲಿ.

ನಳಿ ಮೂಗಿಗಿದ್ದರೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ನನಗೆ ಶೇಂಗಾ ಹಿಂಡಿ, ಅಂದರೆ ಶೇಂಗಾದ ಚಟ್ನಿಪುಡಿ, ಎಂದರೆ ಜೀವ. ಒಂದು ಸ್ಟೀಲ್ ಡಬ್ಬಿಯಲ್ಲಿ ಅದನ್ನು ತುಂಬಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದಳು. ನಾನು ತಿಂದು, ತೊಳೆದು, ಅದೇ ಬಸ್ಸಿಗೆ ಡಬ್ಬಿ ವಾಪಸು ಹಾಕುತ್ತಿದ್ದೆ. ಖಾಲಿ. ಬೇಕೆಂದೇ ಖಾಲಿ. ಅವಳಿಂದ ಬೈಗುಳ ಬರಲಿ ಎಂದು.

“ಮತ್ತ ಖಾಲಿ ಕಳಸೀದಿ? ನಿಂಗೇನು ಒಂದ್ ಹಿಡಿ ಸಕ್ರಿ ಸಿಗಲಿಲ್ಲೇನೋ ಆ ಬೀದರದಾಗ?” ಎಂದು ಫೋನಿನಲ್ಲಿ ನಗುತ್ತಿದ್ದಳು. ನಗು ಕೆಮ್ಮಾಗುತ್ತಿತ್ತು, ಕೆಮ್ಮು ನಿಲ್ಲುವವರೆಗೆ ನಾನು ಫೋನು ಹಿಡಿದು ಕಾಯುತ್ತಿದ್ದೆ.

ಕಳೆದ ಬೇಸಿಗೆಯ ಶುರುವಿನಲ್ಲಿ ಮಾಮಾ ಕೌಂಟರಿಗೆ ಬಂದ. ಟವೆಲಿನಲ್ಲಿ ಸುತ್ತಿ ತಂದಿದ್ದ ಬ್ಯಾಟರಿಯನ್ನು ಬಿಚ್ಚಿದ. ನೆನೆದ ಪುಸ್ತಕದ ಹಾಗೆ ಉಬ್ಬಿತ್ತು.

“ಕಂಪನಿಗಿ ಫೋನ್ ಮಾಡಿದ್ದೆ. ನೋಡಿ ಹೇಳ್ತೇವಿ ಅಂದಾರ. ಇವತ್ತ ವಿಮಾನಕ್ಕ ಹಾಕು,” ಎಂದ.

“ಉಬ್ಬಿದ್ದು ವಿಮಾನಕ್ಕ ಹೋಗಲ್ಲ ಮಾಮಾ.”

“ಯಾರು ನೋಡ್ತಾರೋ? ಹೋಳಗಿ ಅದ ಅಂತ ಬರಿ. ನಿನ್ನ ಕೈಯಾಗೇ ಅದಲ್ಲ ಎಲ್ಲಾ.”

ಹಿಂದೆ ಟೇಪು ಹರಿಯುತ್ತಿದ್ದ ಚಾಚಾ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಬಗ್ಗಿಸಿದರು. ನಾನು ಬರೆಯಲಿಲ್ಲ. ಆ ಬ್ಯಾಟರಿಯನ್ನು ಹಿತ್ತಲಿನ ಒಣ ಮರಳಿನ ಬಕೆಟ್ಟಿಗೆ ಹಾಕಿದೆ. ಅಕ್ಕನ ಉಸಿರಿಗಾಗಿ ಇನ್ನೊಬ್ಬರ ಅಕ್ಕ ಇರುವ ವಿಮಾನಕ್ಕೆ ಬೆಂಕಿ ಕಳಿಸಲಾರೆ ಎಂದು ಮಾಮಾನಿಗೆ ಹೇಳಿದೆ. ಆ ನಿರ್ಧಾರದ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಅದು ಸರಿಯೇ ಇತ್ತು.

ಹೊಸ ಬ್ಯಾಟರಿಗೆ ನಾನೇ ಮುಂಬೈಗೆ ಆರ್ಡರ್ ಹಾಕಿದೆ, ಜೊತೆಗೆ ಯಂತ್ರವಿಲ್ಲದೆಯೂ ಬ್ಯಾಟರಿಯನ್ನು ತುಂಬಿಸುವ ಒಂದು ಬೇರೆ ಚಾರ್ಜರಿಗೂ. ಕಾಗದಪತ್ರ ಸರಿ ಇರಬೇಕು, ಸರಕಿನ ವಿಮಾನದಲ್ಲಿ ಜಾಗ ಸಿಗಬೇಕು; ಒಂಬತ್ತು ದಿನ ಹಿಡಿಯಿತು. ಅಷ್ಟು ದಿನ ಅಕ್ಕ ಕರೆಂಟನ್ನೇ ನಂಬಿ ಕೂತಳು. ಮಾಮಾ ಭಾಲ್ಕಿಯಿಂದ ಒಂದು ಆಕ್ಸಿಜನ್ ಸಿಲಿಂಡರ್ ತಂದು ಮೂಲೆಯಲ್ಲಿ ಇಟ್ಟ. ಕರೆಂಟು ಹೋದಾಗಲೆಲ್ಲ ಅದನ್ನು ತಿರುಗಿಸಿ, ಬಂದ ತಕ್ಷಣ ಮುಚ್ಚಿ, ಹಾಲಿನಂತೆ ಅಳೆದು ಅಳೆದು ಬಳಸಿದರು. ನಾನು ದಿನಕ್ಕೆ ಐದಾರು ಸಲ ಪಾರ್ಸೆಲ್ ಎಲ್ಲಿಗೆ ಬಂತೆಂದು ನೋಡುತ್ತಿದ್ದೆ.

ಹತ್ತನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೈದರಾಬಾದಿನ ಗಾಡಿಯಿಂದ ಅದು ಇಳಿಯಿತು. ಅದನ್ನು ನೋಡಿ ನನಗೆ ಆದ ಸಂತೋಷ ಹೇಳಲು ಈಗ ನಾಚಿಕೆಯಾಗುತ್ತದೆ. ಅಂಥ ಚೊಕ್ಕ ಪ್ಯಾಕಿಂಗು. ಬೆಂಕಿಯ ಚೀಟಿ ಇರಬೇಕಾದ ಕಡೆ ಇತ್ತು, ತುದಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಇತ್ತು, ಒಳಗೆ ಒಂದಿಷ್ಟೂ ಅಲುಗಾಟವಿರಲಿಲ್ಲ. ಬ್ಯಾಟರಿಯ ಮೇಲಿನ ಗುಂಡಿ ಒತ್ತಿದೆ. ನಾಲ್ಕು ದೀಪಗಳಲ್ಲಿ ಒಂದೇ ಹತ್ತಿತು. “ನೋಡ್ರಿ ಚಾಚಾ, ಕಾಯ್ದೆ ಅಂದ್ರ ಇದು,” ಎಂದು ಅವರಿಗೂ ತೋರಿಸಿದೆ.

ಚಿಂತಾಕಿಯ ಬಸ್ಸು ಇದ್ದದ್ದು ಹನ್ನೊಂದೂವರೆಗೆ. ನನಗೆ ಅಂದು ಕೌಂಟರು ಬಿಡುವ ಹಾಗಿರಲಿಲ್ಲ, ಕಂಡಕ್ಟರನ ಕೈಯಲ್ಲಿ ಕಳಿಸುವುದೆಂದು ಮಾಮಾನಿಗೆ ಹೇಳಿದೆ. ಒಂದು ಕೈಚೀಲದಲ್ಲಿ ಬ್ಯಾಟರಿಯ ಪೆಟ್ಟಿಗೆ, ಚಾರ್ಜರು, ಪಕ್ಕದಲ್ಲಿ ಅಕ್ಕನ ತೊಳೆದ ಡಬ್ಬಿ ಇಟ್ಟೆ.

ಚಾಚಾ ಬಂದು ಚೀಲದೊಳಗೆ ಇಣುಕಿದರು. “ಬೇಟಾ, ಬಸ್ಸಿಗಿ ಇನ್ನಾ ಟೈಮ್ ಅದ. ಚಾರ್ಜಿಗಿ ಹಚ್ಚಿ ಕೊಡು. ಬೀಮಾರ್ ಮನಶ್ಯಾಳ ಮನಿಗಿ ಖಾಲಿ ಮಾಲ ಕಳಸಬ್ಯಾಡ.”

ಈ ಮಾತಿಗೆ ನಾನು ನಕ್ಕೆ. ಹನ್ನೊಂದು ವರ್ಷ ಕೇಳಿ ಕೇಳಿ ಸಾಕಾಗಿದ್ದ ಅದೇ ಮಾತು, ಅದೂ ಅದರಿಂದಲೇ ಬೆರಳು ಸುಟ್ಟುಕೊಂಡವರ ಬಾಯಿಂದ. “ನಿಮ್ಮ ಕೈ ನೋಡ್ಕೊಂಡು ಮಾತಾಡ್ರಿ ಚಾಚಾ,” ಎಂದೆ. ಬ್ಯಾಟರಿ ಕಳಿಸುವಾಗ ತುಂಬಿಸಬಾರದು. ಅದು ನನ್ನ ಗೋಡೆಯ ಮೇಲಿತ್ತು, ನನ್ನ ನಾಲಗೆಯ ಮೇಲಿತ್ತು, ಅದನ್ನು ದಾಟಿ ಯೋಚನೆ ಮಾಡುವ ಅಭ್ಯಾಸವೇ ನನಗೆ ತಪ್ಪಿಹೋಗಿತ್ತು. ಚಾಚಾ ಆ ಕೈಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ತಮ್ಮ ಜಾಗಕ್ಕೆ ಹೋದರು. ನನ್ನ ಕುರ್ಚಿಯ ಪಕ್ಕದ ಪ್ಲಗ್ಗಿನಲ್ಲಿ ಏನೂ ಇರಲಿಲ್ಲ.

ಮಾಮಾ ಒಂದೂವರೆಗೆ ಬಸ್ಸಿನಿಂದ ಚೀಲ ಇಳಿಸಿಕೊಂಡ. ಮನೆಗೆ ಹೋಗಿ ಬ್ಯಾಟರಿಯನ್ನು ಚಾರ್ಜಿಗೆ ಹಚ್ಚಿ ಕಾಲು ತಾಸೂ ಆಗಿರಲಿಲ್ಲ, ಬೇಸಿಗೆಯ ಗಾಳಿ ಎದ್ದಿತು. ಮಣ್ಣು, ಆಮೇಲೆ ಆಲಿಕಲ್ಲು. ಊರ ಹೊರಗಿನ ಕಂಬಗಳು ಒಂದರ ಹಿಂದೊಂದು ಉರುಳಿದವು. ಕರೆಂಟು ಹೋಯಿತು. ಅಕ್ಕನಿಗೆ ಸಿಲಿಂಡರಿನ ನಳಿ ಹಚ್ಚಿದರು. ಅದರಲ್ಲಿ ಉಳಿದದ್ದು ಸ್ವಲ್ಪ. ಆಂಬುಲೆನ್ಸಿಗೆ ಫೋನು ಮಾಡಿದರೆ ಗಾಡಿ ಬೇರೆ ಕಡೆ ಸಿಕ್ಕಿಕೊಂಡಿದೆ ಎಂದರು. ಸಿಲಿಂಡರಿನ ಮುಳ್ಳು ಕೆಳಕ್ಕೆ ಕೂರುವ ಹೊತ್ತಿಗೆ, ನಾಲ್ಕರ ಸುಮಾರಿಗೆ, ಮಾಮಾ ನೆರೆಯವರ ಜೀಪಿನಲ್ಲಿ ಅಕ್ಕನನ್ನು ಮಲಗಿಸಿ ಹೊಸ ಬ್ಯಾಟರಿ ಹಾಕಿದ ಯಂತ್ರವನ್ನು ಚಾಲೂ ಮಾಡಿ ಔರಾದಿನ ಸರ್ಕಾರಿ ದವಾಖಾನೆಗೆ ಹೊರಟ. ಹೊರಡುವ ಮುಂಚೆ ನನಗೆ ಫೋನು ಮಾಡಿದ್ದ. “ಹೊಸಾ ಬ್ಯಾಟರಿ ಅದ, ಚಿಂತಿ ಇಲ್ಲ,” ಎಂದಿದ್ದ. ಎರಡು ತಾಸು ನಡೆಯುವ ಬ್ಯಾಟರಿ ಎಂದೇ ಅವನು ತಿಳಿದಿದ್ದ.

ಆ ಮಾತು ಕೇಳಿದ ಕೂಡಲೇ ನನಗೆ ಆ ಒಂದೇ ದೀಪ ನೆನಪಾಯಿತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನು ಕಟ್ಟಾಯಿತು. ಗಾಳಿಗೆ ಟವರುಗಳೂ ಹೋಗಿ ಬಂದು ಮಾಡುತ್ತಿದ್ದವು. ಮತ್ತೆ ಫೋನು ಹಚ್ಚಿದೆ, ಹಚ್ಚಿದೆ, ಹತ್ತಲಿಲ್ಲ. ಹೇಳಿದ್ದರೂ ಮಾಮಾ ಏನು ಮಾಡುತ್ತಿದ್ದ? ಊರಿನಲ್ಲಿ ಎಲ್ಲೂ ಕರೆಂಟಿರಲಿಲ್ಲ.

ಮಾಮೂಲು ದಿನವಾದರೆ ಅದು ಅಷ್ಟು ದೊಡ್ಡ ದಾರಿಯಲ್ಲ. ಅಂದು ಬೇವಿನ ಮರಗಳು ರಸ್ತೆಗೆ ಅಡ್ಡ ಬಿದ್ದಿದ್ದವು. ಜೀಪು ಒಂದು ಕಡೆ ಹೊಲಕ್ಕೆ ಇಳಿದು ಸುತ್ತಿ ಬಂತು, ಇನ್ನೊಂದು ಕಡೆ ಜನ ಕೊಡಲಿ ತಂದು ಟೊಂಗೆ ಕಡಿಯುವವರೆಗೆ ನಿಂತಿತು. ಅಲ್ಲಿ ನಿಂತಾಗ ಮಾಮಾನ ಫೋನು ಮತ್ತೆ ಹತ್ತಿತು. ಅವನ ದನಿಯ ಹಿಂದೆ ಪೀಂ ಪೀಂ ಎಂದು ಯಂತ್ರ ಕೂಗುವುದು ಕೇಳುತ್ತಿತ್ತು.

“ಇದು ಕೂಗ್ಲಾಕತ್ತಾದೋ. ಕೆಂಪು ದೀಪ ಬಂದಾದ. ಹೊಸಾದಲ್ಲೇನು ಇದು? ಇನ್ನಾ ಮುಕ್ಕಾಲು ತಾಸೂ ಆಗಿಲ್ಲಲ್ಲೋ. ಯಾವ ಗುಂಡಿ ಒತ್ತಲಿ, ಹೇಳು!”

ಒತ್ತುವ ಗುಂಡಿ ಯಾವುದೂ ಇರಲಿಲ್ಲ. “ಅಕ್ಕನ್ನ ಕೂಡಿಸಿ ಹಿಡೀರಿ ಮಾಮಾ, ಕಿಡಕಿ ತೆಗೀರಿ,” ಎಂದೆ. ಇನ್ನೇನೋ ಹೇಳಿದೆ, ಏನೆಂದು ನೆನಪಿಲ್ಲ. ಕೂಗು ನಿಂತಿತು. ಯಂತ್ರ ನಿಂತರೆ ಅದರ ಕೂಗೂ ನಿಲ್ಲುತ್ತದೆ. ಮಾಮಾ ಅಕ್ಕನ ಹೆಸರು ಹಿಡಿದು ಕರೆಯುವುದು ಕೇಳಿತು. ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಅವನು ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ. ಔರಾದ ಮುಟ್ಟುವ ಮೊದಲೇ ಅಕ್ಕ ಹೋದಳು.

ಅಕ್ಕನ ಮಣ್ಣಿಗೆ ಹೋದೆ, ಅಳುತ್ತ ಎಲ್ಲರ ಜೊತೆ ಕೂತೆ. ಯಾರಿಗೂ ಏನೂ ಹೇಳಲಿಲ್ಲ. ಗಾಳಿ ಮಳೆ ಎಂದರು, ಕರೆಂಟಿನವರು ಎಂದರು, ದೇವರ ಇಚ್ಛೆ ಎಂದರು. ನಾನು ಎಲ್ಲದಕ್ಕೂ ತಲೆ ಆಡಿಸಿದೆ.

ಮೂರು ವಾರದ ಮೇಲೆ ಮಾಮಾ ಕೌಂಟರಿಗೆ ಬಂದ. ಗಡ್ಡ ಬೆಳೆದಿತ್ತು. ಬ್ಯಾಟರಿಯನ್ನೂ ಒಂದು ಕಾಗದವನ್ನೂ ಮುಂದಿಟ್ಟ. ಕೈಯಲ್ಲಿ ಇನ್ನೊಂದು ಚೀಲ ಇತ್ತು, ಅದನ್ನು ಕೆಳಗಿಡಲಿಲ್ಲ.

“ಇದು ಕಂಪನಿಗಿ ಹೊಳ್ಳಿ ಕಳಸು. ಖರಾಬ್ ಮಾಲ ಕೊಟ್ಟು ನನ್ನ ಮನೀನೇ ತೆಗದ್ರು. ಸಾಲಿ ಮಾಸ್ತರ್ ಕಡಿಂದ ಎಲ್ಲಾ ಬರಿಸೇನಿ.”

ಸುಮ್ಮನೆ ಅಭ್ಯಾಸಬಲದಿಂದ ನಾನು ಗುಂಡಿ ಒತ್ತಿದೆ. ನಾಲ್ಕೂ ದೀಪ ಹತ್ತಿದವು.

“ನಿನ್ನಿ ನಾನೇ ಹಚ್ಚಿದ್ದೆ,” ಎಂದ ಮಾಮಾ. “ಖಾಲಿ ಹ್ಯಾಂಗ ಕಳಸೋದು ಅಂತ. ಈಗ ನಾಲ್ಕೂ ಹತ್ಯಾವ ನೋಡು. ಆವತ್ತ ಯಾಕ ನಡೀಲಿಲ್ಲ?”

ಆ ಕಾಗದವನ್ನು ತೆಗೆದುಕೊಂಡು ಒಂದು ಠಸ್ಸೆ ಹೊಡೆದಿದ್ದರೆ ಮುಗಿದುಹೋಗುತ್ತಿತ್ತು. ಕಂಪನಿ ಏನಾದರೂ ಉತ್ತರ ಬರೆಯುತ್ತಿತ್ತು, ಮಾಮಾ ಅವರನ್ನು ಬೈಯುತ್ತ ಬದುಕುತ್ತಿದ್ದ. ನನ್ನ ಬೆನ್ನ ಹಿಂದೆ ಚಾಚಾ ಪಾರ್ಸೆಲ್ ಕಟ್ಟುವುದನ್ನು ನಿಲ್ಲಿಸಿದ್ದರು. ಚಾರ್ಜಿಗೆ ಹಚ್ಚೆಂದ ಅಂದಿನ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ, ಹೇಳುವವರೂ ಅಲ್ಲ. ನನಗೆ ಹೆದರಿಕೆಯಾಯಿತು. ಆದರೂ ಒಳಗಿರುವುದನ್ನು ಸುಳ್ಳು ಬರೆದು ಕಳಿಸುವುದು ನನ್ನಿಂದಾಗಲಿಲ್ಲ.

“ಬ್ಯಾಟರಿ ಛಲೋನೇ ಅದ ಮಾಮಾ. ವಿಮಾನದಾಗ ಬರೋ ಬ್ಯಾಟರಿಗಿ ನೂರಕ್ಕ ಮೂವತ್ತರಷ್ಟೇ ಚಾರ್ಜ್ ಇರ್ತದ. ಬಂದದ್ದು ಹಂಗೇ ನಾ ನಿಮಗ ಕಳಸ್ದೆ.”

ಅವನು ಬಹಳ ಹೊತ್ತು ಗೋಡೆಯ ಮೇಲಿನ ನನ್ನ ಕೆಂಪು ಅಕ್ಷರಗಳನ್ನು ನೋಡಿದ. ಆಮೇಲೆ ಕೇಳತೊಡಗಿದಾಗ ಕೌಂಟರಿನ ಆಚೆ ಕೂತ ಯಾವನೋ ಗುಮಾಸ್ತನಿಗೆ ಕೇಳುವಂತೆ ನನಗೆ ಬಹುವಚನ ಹಚ್ಚಿದ್ದ.

“ನೀವು ಕಳಸಿದ್ದು ಬಸ್ಸಿನಾಗ ಅಲ್ಲೇನ್ರಿ?”

“ಹೌದು.”

“ಬಸ್ಸಿಗೂ ಈ ಕಾಯ್ದೆ ಅದ ಏನ್ರಿ?”

“ಇಲ್ಲ.”

“ನಿಮ್ಮ ಬಲ್ಲಿ ಎಷ್ಟೊತ್ತು ಇತ್ತು?”

“ಎರಡೂವರಿ ತಾಸು.”

“ಕರೆಂಟ್?”

“ಇತ್ತು ಮಾಮಾ.”

ಅವನು ಬರೆಸಿ ತಂದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ಬ್ಯಾಟರಿಯನ್ನು ಅಲ್ಲೇ ಬಿಟ್ಟ. ಕೊನೆಗೆ ಕೈಯಲ್ಲಿದ್ದ ಚೀಲದಿಂದ ಅಕ್ಕನ ಸ್ಟೀಲ್ ಡಬ್ಬಿ ತೆಗೆದು ನನ್ನ ಕಡೆ ಸರಿಸಿದ.

“ಆವತ್ತ ಚೀಲ ಬಿಚ್ಚಿದ ಕೂಡ್ಲೇ, ಗಾಳಿ ಏಳೂಕಿಂತ ಮೊದ್ಲ, ಇದು ತುಂಬಿಸಿಟ್ಟಿದ್ಲು. ಮತ್ತ ಖಾಲಿ ಕಳಸ್ಯಾನ ನೋಡ್ರಿ ಅಂತ ನಗಾಡಕೋತ.”

ಅವನು ಮೆಟ್ಟಿಲಿಳಿದು ಹೋದ ಮೇಲೆ ಮುಚ್ಚಳ ತೆಗೆದೆ. ಶೇಂಗಾ ಹಿಂಡಿ. ಬೆರಳಿನಿಂದ ಒತ್ತಿ ಒತ್ತಿ, ಕಂಠದವರೆಗೆ ತುಂಬಿದ್ದಳು.